ಒಬ್ಬರ ಹುರುಪೆ ಇನ್ನೊಬ್ಬರ ಮೈಗೆ

ಸೇಡಂ ಬಸ್ ನಿಲ್ದಾಣದಲ್ಲಿ ಹೊಸಬನೊಬ್ಬ ಇಳಿದು ದಾರಿ ಕೇಳಿದರೆ, ದಾರಿ ಹೇಳುವ ಮೊದಲು ನಮ್ಮವರು ಅವನಿಗೆ ಎರಡು ಪ್ರಶ್ನೆ ಹಾಕುತ್ತಾರೆ. ಯಾವೂರು? ಯಾರ ಪೈಕಿ? ಮೊದಲನೆಯದು ಪೀಠಿಕೆ, ಎರಡನೆಯದೇ ಗ್ರಂಥ. ಉತ್ತರ ಸರಿಬಂದರೆ ದಾರಿಯ ಜೊತೆಗೆ ಚಹಾವೂ ಸಿಗುತ್ತದೆ. ಸರಿಬರದಿದ್ದರೆ ಬರೀ ದಾರಿ ಸಿಗುತ್ತದೆ, ಅದೂ ಸ್ವಲ್ಪ ಸುತ್ತಿನದು.

ಹೋದ ಚಳಿಗಾಲದಲ್ಲಿ ತೀರಿಕೊಂಡ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ಈ ಎರಡನೆಯ ಪ್ರಶ್ನೆಯ ಸಂಶೋಧನೆಗೆ ಸವೆಸಿದರು. ಮನುಷ್ಯರ ಮೇಲಲ್ಲ, ಮೀನುಗಳ ಮೇಲೆ. ಮನುಷ್ಯರ ಬಗ್ಗೆ ಏಕೆ ಮಾಡಬಾರದೆಂದು ನಾನು ಒಮ್ಮೆ ಕೇಳಿದ್ದೆ. ಅಲ್ಲಿ ಫಲಿತಾಂಶ ಮೊದಲೇ ಗೊತ್ತಿರುವುದರಿಂದ ವಿಶ್ವವಿದ್ಯಾಲಯ ಒಪ್ಪುವುದಿಲ್ಲ ಎಂದರು.

ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ, ನಾನು ಇತಿಹಾಸ. ಅಂದರೆ ನಾವಿಬ್ಬರೂ ಸತ್ತವರ ನಡುವೆ ಬದುಕುತ್ತಿದ್ದೆವು. ಅವರ ಸತ್ತವರು ಗಾಜಿನ ಭರಣಿಗಳಲ್ಲಿದ್ದರು ಎಂಬಷ್ಟೇ ಭೇದ. ಹುಡುಗರು ಅವರನ್ನು ‘ಮೀನ್ ಸರ್’ ಎನ್ನುತ್ತಿದ್ದರು. ಎತ್ತರದ ಆಳು, ಬಗ್ಗಿ ಬಗ್ಗಿ ಪ್ರಶ್ನಾರ್ಥಕ ಚಿಹ್ನೆಯಂತೆ ಆಗಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಒಂದು ಸಣ್ಣ ಚಿಮುಟ. ಶಹಾಬಾದಿನ ಗಡಿಯಾರ ರಿಪೇರಿಯವನೊಬ್ಬ ಅಂಗಡಿ ಮುಚ್ಚುವಾಗ ಅವನಿಂದ ಕೊಂಡದ್ದು. ಮೈಯಿಂದ ಸದಾ ಲವಂಗದ ವಾಸನೆ. ಹೊಸದಾಗಿ ಬಂದ ಹುಡುಗರು ಸರ್‌ಗೆ ಹಲ್ಲುನೋವು ಎಂದುಕೊಳ್ಳುತ್ತಿದ್ದರು. ನಿಜವೆಂದರೆ ಲವಂಗದ ಎಣ್ಣೆಯ ಹನಿಗಳನ್ನು ನೀರಿಗೆ ಬಿಟ್ಟರೆ ಮೀನು ಅರೆನಿದ್ದೆಗೆ ಜಾರುತ್ತದೆ. ಆಗ ಶಸ್ತ್ರಕ್ರಿಯೆ ಮಾಡಬಹುದು. ಮೀನಿಗಾದರೆ ಎಣ್ಣೆ ಬೇಕು, ನಮ್ಮ ಹುಡುಗರಿಗೆ ಹಾಜರಿ ಕರೆದರೆ ಸಾಕು ಎಂದು ಅವರೇ ಹೇಳುತ್ತಿದ್ದರು.

ಸಂಶೋಧನೆ ಇಷ್ಟೇ. ಒಂದು ಗೆಂಡೆ ಮೀನಿನ ಮೈಯಿಂದ ಒಂದು ಹುರುಪೆ ಕೀಳುವುದು. ಇನ್ನೊಂದು ಗೆಂಡೆಯ ಮೈಯಲ್ಲಿ ಅಂಥದೇ ಜಾಗ ತೆರವು ಮಾಡಿ ಅಲ್ಲಿ ಅದನ್ನು ಸೇರಿಸುವುದು. ಆಮೇಲೆ ದಿನವೂ ಭೂತಗನ್ನಡಿ ಹಿಡಿದು ನೋಡುತ್ತ ಕೂಡುವುದು. ತನ್ನದೇ ಹುರುಪೆಯನ್ನು ಕಿತ್ತು ತನಗೇ ಹಾಕಿದರೆ ಮೀನು ಅದನ್ನು ಗಮನಿಸುವುದೂ ಇಲ್ಲ. ಪರರದನ್ನು ಹಾಕಿದರೆ ಮೊದಮೊದಲು ಸೌಜನ್ಯದಿಂದ ಇರುತ್ತದೆ. ಕೆಲವು ದಿನ ಕಳೆಯುವುದರಲ್ಲಿ ಸುತ್ತಲಿನ ಚರ್ಮ ಊದಿಕೊಳ್ಳುತ್ತದೆ, ಹುರುಪೆಯ ಬಣ್ಣ ಒಡೆಯುತ್ತದೆ, ಬೆಳ್ಳಗಾಗಿ ಸಾಯುತ್ತದೆ. ಹುರುಪೆ ಕೊಟ್ಟ ಅದೇ ಮೀನಿನ ಇನ್ನೊಂದು ಹುರುಪೆಯನ್ನು ಎರಡನೆಯ ಸಲ ತಂದು ಹಾಕಿದರಂತೂ ಆ ಸೌಜನ್ಯವೂ ಇಲ್ಲ. ಹಳೆಯ ವೈರ ನೆನಪಿಟ್ಟವರಂತೆ ಇನ್ನೂ ಬೇಗ ಹೊರಗೆ ಹಾಕುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಒಬ್ಬರ ಮೂತ್ರಪಿಂಡ ಇನ್ನೊಬ್ಬರಿಗೆ ಇಟ್ಟಾಗ ಆಗುವುದೂ ಇದೇ, ನನ್ನದು ಅದರ ಬಡವರ ಆವೃತ್ತಿ ಎನ್ನುವುದು ಅವರ ವಿವರಣೆ.

ಮೀನಿನ ಮೈಯ ಸಿಟ್ಟು ನೀರಿನ ಬಿಸಿಯನ್ನು ಅವಲಂಬಿಸಿದೆ. ನೀರು ತಂಪಾದಷ್ಟೂ ಸಿಟ್ಟು ನಿಧಾನ. ಇದು ಗೊತ್ತಿದ್ದೂ ಈ ಸಂಶೋಧನೆಯನ್ನು ಸೇಡಂನಲ್ಲಿ ಕೈಗೊಂಡದ್ದು ಅವರ ವ್ಯಕ್ತಿತ್ವದ ಮೇಲೆ ಬೆಳಕು ಚೆಲ್ಲುತ್ತದೆ. ಏಪ್ರಿಲ್ ಬಂದರೆ ನಮ್ಮಲ್ಲಿ ನಳದ ನೀರಿನಲ್ಲೇ ಚಹಾ ಮಾಡಬಹುದು. ಅವರು ವಾಡಿಗೆ ಹೋಗಿ, ಮಂಜುಗಡ್ಡೆಯ ಹಾಸುಗಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಪ್ಯಾಸೆಂಜರ್ ಗಾಡಿಯಲ್ಲಿ ತರುತ್ತಿದ್ದರು. ಆ ಡಬ್ಬಿಯ ದಿನನಿತ್ಯದ ಪ್ರಯಾಣಿಕರೆಲ್ಲ ಅದನ್ನು ‘ಮೀನಿನ ಬರ್ಫ’ ಎಂದು ಗುರುತಿಸಿ, ಬಹಳ ಗೌರವದಿಂದ ಒಂದೊಂದು ಚೂರು ಕೆತ್ತಿ ತಮ್ಮ ನೀರಿನ ಬಾಟಲಿಗೆ ಹಾಕಿಕೊಳ್ಳುತ್ತಿದ್ದರು. ಚಿತ್ತಾಪುರಕ್ಕೆ ಬರುವುದರಲ್ಲಿ ಹಾಸುಗಲ್ಲು ಇಟ್ಟಂಗಿಯಾಗಿರುತ್ತಿತ್ತು. ಸೇಡಂನಲ್ಲಿ ಇಳಿಯುವುದು ಹಲವು ಸಲ ಬರೀ ತೊಯ್ದ ಗೋಣಿಚೀಲ. ಆ ಚೀಲವನ್ನೇ ಅವರು ತೊಟ್ಟಿಗೆ ಸುತ್ತುತ್ತಿದ್ದರು. ವಿಜ್ಞಾನದಲ್ಲಿ ಏನೂ ವ್ಯರ್ಥವಾಗುವುದಿಲ್ಲ ಎನ್ನುತ್ತಿದ್ದರು.

ಮಹಾಪ್ರಬಂಧ ಮಾತ್ರ ಮುಗಿಯಲಿಲ್ಲ. ಮೊದಲ ಮಾರ್ಗದರ್ಶಕರು ನಿವೃತ್ತರಾದರು, ಎರಡನೆಯವರು ಬಡ್ತಿಗಾಗಿ ಓಡಾಡುವುದರಲ್ಲಿ ಮುಳುಗಿದರು, ಮೂರನೆಯವರಿಗೆ ಮೀನೆಂದರೆ ಓಕರಿಕೆ.

ಅವರ ಸ್ವಂತ ಊರು ಚಿಂಚೋಳಿ ತಾಲ್ಲೂಕಿನ ಐನಾಪುರ. ಹೆಂಡತಿ ಚಂದಾಪುರದಲ್ಲಿ ಶಾಲಾ ಮಾಸ್ತರಣಿ. ಅದಕ್ಕಾಗಿ ಸಂಸಾರ ಅಲ್ಲಿ, ಇವರು ಇಲ್ಲಿ, ಭೇಟಿ ಶನಿವಾರ. ಸೇಡಂನಲ್ಲಿ ಅವರಿಗೆ ಮನೆ ಹುಡುಕಲು ಜೊತೆಗೆ ಹೋದವನು ನಾನು. ಬುದ್ಧನ ಪಟ ಇರುವ ಮನೆಯಿಂದ ಬಂದವನು ಸೇಡಂನಲ್ಲಿ ಬಾಡಿಗೆಗೆ ಹೋದರೆ, ಎರಡನೆಯ ಪ್ರಶ್ನೆಗೆ ಕೊಡುವ ಉತ್ತರ ಸರಿಬರುವುದು ಕಷ್ಟ. ಅವರು ಅಲ್ಲೂ ಪ್ರಯೋಗ ಮಾಡುತ್ತಿದ್ದರು. ಒಂದು ಮನೆಯಲ್ಲಿ ‘ಪ್ರಾಣಿಶಾಸ್ತ್ರದ ಪೈಕಿ’ ಎಂದರು. ಇನ್ನೊಂದರಲ್ಲಿ ‘ಸಸ್ತನಿಗಳ ಪೈಕಿ’ ಎಂದರು. ಅಲ್ಲಿ ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, ನಮ್ಮ ಬೀಗರಲ್ಲೂ ಆ ಅಡ್ಡಹೆಸರಿನವರು ಇದ್ದಾರೆ ಎಂದರು. ಆದರೂ ಮನೆ ಸಿಗಲಿಲ್ಲ.

ಕೊನೆಗೆ ಸಿಕ್ಕದ್ದು ತೊಗರಿ ವ್ಯಾಪಾರದ ಬಸಣ್ಣ ಸಾವ್ಕಾರರ ವಾಡೆಯ ಹೊರಗಿನ ಖೋಲಿ. ಹಿಂದೆ ತೊಗರಿ ಚೀಲ ಇಡುತ್ತಿದ್ದ ಕೋಣೆ. ದಪ್ಪ ಗೋಡೆ, ಕೆಳಗೆ ಶಹಾಬಾದ್ ಪರಸಿ ಕಲ್ಲಿನ ನೆಲ, ಬಾಗಿಲು ನೇರ ಬೀದಿಗೆ. ಒಳಮನೆಗೂ ಅದಕ್ಕೂ ನಡುವೆ ಇದ್ದ ಬಾಗಿಲಿಗೆ ಸಾವ್ಕಾರರು ಇಟ್ಟಂಗಿ ಕಟ್ಟಿಸಿ ಸಿಮೆಂಟ್ ಬಳಿಸಿದರು. ಸರ್ ಆ ಹಸಿ ಗೋಡೆಯನ್ನು ತಜ್ಞರ ಕಣ್ಣಿನಿಂದ ನೋಡಿ ನನಗೆ ಹೇಳಿದರು: “ಮೈಯಾಗೂ ಹಿಂಗೇ ಆಗ್ತದ್ರಿ. ಹೊರಗ ಹಾಕಲಾರ್ದದ್ದು, ಒಳಗ ಬಿಟ್ಕೊಳ್ಳಲಾರ್ದದ್ದು ಇದ್ರ ಸುತ್ತ ಒಂದು ಗ್ವಾಡಿ ಕಟ್ಟಿ ಕುಂದ್ರಸ್ತದ. ಭಾಳ ಛಲೋ ವ್ಯವಸ್ಥಾ. ಖೋಲಿನೂ ತಂಪದ.”

ಆ ತಂಪಿಗಾಗಿ ಅವರು ಕಾಲೇಜಿನ ತಗಡಿನ ಚಾವಣಿಯ ಕೆಳಗಿದ್ದ ಮೀನುಗಳನ್ನು ಇಲ್ಲಿಗೇ ತಂದರು. ಪರಸಿ ಕಲ್ಲುಗಳನ್ನು ನಿಲ್ಲಿಸಿ ತೊಟ್ಟಿ ಕಟ್ಟಿದರು. ಸಾವ್ಕಾರರು ಬಾಡಿಗೆಯ ಕರಾರಿನಲ್ಲಿ ಮಾಂಸ ಮಚ್ಚಿ ತರಬಾರದೆಂದು ಹಾಕಿದ್ದರು. ಜೀವಂತ ಮೀನು ಆ ಷರತ್ತಿನಲ್ಲಿ ಬರುತ್ತದೋ ಇಲ್ಲವೋ ಎಂಬ ಕಾನೂನಿನ ತೊಡಕು ಹುಟ್ಟಿತು. ಬೀದಿಯಲ್ಲಿ ನಿಂತೇ ವಿಚಾರಣೆ ನಡೆಯಿತು. ಗೆಂಡೆ ಪಾಚಿ ತಿನ್ನುವ ಪ್ರಾಣಿ, ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ ಎಂದು ಸರ್ ವಾದಿಸಿದರು. ಸಾವ್ಕಾರರ ಮನೆಯಲ್ಲೇ ಉಳ್ಳಾಗಡ್ಡಿ ನಡೆಯುತ್ತಿದ್ದುದರಿಂದ ಅವರು ಸ್ವಲ್ಪ ಕೀಳರಿಮೆಗೆ ಒಳಗಾಗಿ ಒಪ್ಪಿಕೊಂಡರು. ಸಾವ್ಕಾರರ ಹೆಂಡತಿ ಗುರಮ್ಮನವರು ಮಾತ್ರ ಯಾವ ವಾದಕ್ಕೂ ಕಾಯದೆ, ಬೀದಿಯ ಕಿಟಕಿಯಿಂದ ಮೀನುಗಳಿಗೆ ಚುರಮುರಿ ಎಸೆಯಲು ಸುರು ಮಾಡಿದ್ದರು.

ಹೀಗೆ ವರ್ಷಗಳು ಹೋದವು. ಸರ್ ಬಯಸಿದ್ದು ಒಂದೇ ಒಂದು ಮೀನು, ಪರರ ಹುರುಪೆಯನ್ನು ಹೊತ್ತು, ಬಿಸಿ ನೀರಿಗೆ ಬಂದ ಮೇಲೂ ಅದರ ಮೂಲ ವಿಚಾರಿಸದ ಮೀನು. “ತಂಪಿನಾಗ ತಡಾ ಮಾಡಿ ಕೇಳ್ತದ. ಕೇಳದ ಬಿಡಂಗಿಲ್ಲ,” ಎನ್ನುತ್ತಿದ್ದರು. ಆದರೂ ಒಂದು ಗೆಂಡೆ ಅವರಲ್ಲಿ ಆಸೆ ಹುಟ್ಟಿಸಿತ್ತು. ಉಳಿದವೆಲ್ಲ ಸೋತ ಮೇಲೂ ಅದರ ಬೆನ್ನಿನ ಪರಕೀಯ ಹುರುಪೆ ಹೊಳೆಯುತ್ತಲೇ ಇತ್ತು. ಆ ಬೇಸಿಗೆ ಅದನ್ನು ಮೆಲ್ಲಮೆಲ್ಲಗೆ ಬಿಸಿಗೆ ಒಗ್ಗಿಸುವ ಯೋಜನೆ ನಡೆದಿತ್ತು. ಅವಸರ ಮಾಡಿದರೆ ಕೆಟ್ಟಿತು ಎಂದು ಅವರು ಶನಿವಾರದ ಚಂದಾಪುರ ಪ್ರವಾಸವನ್ನೂ ಬಿಟ್ಟಿದ್ದರು.

ಅದಕ್ಕೂ ವರ್ಷದ ಮೊದಲೇ ಗೋಡೆಯ ಆಚೆ ಸಾವ್ಕಾರರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಕಲಬುರಗಿಗೆ ಹೋಗಿ ಯಂತ್ರದ ಮೇಲೆ ರಕ್ತ ತೊಳೆಸಿಕೊಂಡು ಬರುವ ಬಾಳು. ನೋಡಲು ಬಂದ ಬಂಧುಗಳೆಲ್ಲ ಚಹಾ ಕುಡಿಯುತ್ತ, ನಂದೊಂದು ತಗೋ ಮಾಮಾ, ಎರಡಿಟ್ಕೊಂಡು ನಾ ಏನ್ ಮಾಡ್ಲಿ ಎನ್ನುವವರೇ. ಸೇಡಂ ತಾಲ್ಲೂಕಿನಲ್ಲಿ ಅಂಗಾಂಗ ದಾನದ ಹೊಳೆ ಅಷ್ಟು ರಭಸದಿಂದ ಹಿಂದೆಂದೂ ಹರಿದಿರಲಿಲ್ಲ. ಚಹಾದ ಬಸಿ ಕೆಳಗಿಟ್ಟ ಮೇಲೆ ಮಾತ್ರ ಅವರ ಫೋನುಗಳು ಹತ್ತುತ್ತಿರಲಿಲ್ಲ. ಗುರಮ್ಮನವರು ನಿಜವಾಗಿಯೂ ಕೊಡಲು ಹೊರಟರು; ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಬೇಡವೆಂದರು. ಸಾವ್ಕಾರರ ಖಾಸಾ ತಮ್ಮನೂ ಮುಂದೆ ಬಂದ. ಹೈದರಾಬಾದಿನಲ್ಲಿ ಇಬ್ಬರ ರಕ್ತ ಕೂಡಿಸಿ ನೋಡಿದರೆ, ಅಣ್ಣನ ರಕ್ತ ತಮ್ಮನದನ್ನು ಕಂಡೊಡನೆ ಜಗಳ ತೆಗೆಯಿತು. ಹಿಂದೆ ಸಾವ್ಕಾರರಿಗೆ ಮೇಲಿಂದ ಮೇಲೆ ಬೇರೆಯವರ ರಕ್ತ ಏರಿಸಿದ್ದರಿಂದ ಹೀಗಾಗಿರಬಹುದು ಎಂದು ಸರ್ ನನಗೆ ತಿಳಿಸಿ ಹೇಳಿದರು. ಊರು ಈ ವಿವರಣೆಯನ್ನು ಒಪ್ಪಲಿಲ್ಲ. ಹೊಲದ ಬದುವಿನ ತಂಟೆ ರಕ್ತದಾಗ ಇಳಿದದ ಎಂದೇ ಊರಿನ ತೀರ್ಮಾನ.

ಉಳಿದದ್ದು ಒಂದೇ ದಾರಿ. ಹೈದರಾಬಾದಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಯಾರಾದರೂ ಸತ್ತು ಅವರ ಮನೆಯವರು ದೊಡ್ಡ ಮನಸ್ಸು ಮಾಡುವುದನ್ನು ಕಾಯುವುದು. ಕಾಯುತ್ತ ಸಾವ್ಕಾರರು ಬಾಡಿ ತೊಗರಿಕಟ್ಟಿಗೆಯಂತಾದರು.

ಆ ಬೇಸಿಗೆಯ ಮೇ ತಿಂಗಳಿನ ಒಂದು ಮಧ್ಯಾಹ್ನ ಫೋನು ಬಂತು. ನಾನು ಸರ್ ಖೋಲಿಯಲ್ಲಿ ತೊಟ್ಟಿಯ ಪಕ್ಕ ತಂಪಿಗೆ ಕುಳಿತಿದ್ದೆ. ಗುರಮ್ಮನವರು ಬೀದಿಯ ಬಾಗಿಲಿಗೆ ಬಂದು, ಸರ್, ಜರಾ ಒಳಗ ಬರ್ರಿ ಎಂದರು. ಅಷ್ಟು ವರ್ಷಗಳಲ್ಲಿ ಆ ಮಾತು ಮೊದಲ ಸಲ ಬಂದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಸರ್ ತೊಯ್ದ ಕೈಯಲ್ಲೇ ಎದ್ದು ಹೋದರು, ಹಿಂದೆ ನಾನು.

ಪರಿಸ್ಥಿತಿ ಹೀಗಿತ್ತು. ಮೂತ್ರಪಿಂಡವೊಂದು ಸಿಕ್ಕಿದೆ, ತಕ್ಷಣ ಹೊರಟು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ಬಸಣ್ಣ ಸಾವ್ಕಾರರು, ಬಹಳ ಸಂತೋಷ, ಅದು ಯಾರ ಪೈಕಿಯವರದು ಎಂದು ಕೇಳಿದ್ದರು. ಅದನ್ನು ಹೇಳುವ ಪದ್ಧತಿ ಇಲ್ಲ ಎಂದು ಅವರು. ಹೇಳದಿದ್ದರೆ ಹೇಗೆ ಬರಲಿ ಎಂದು ಇವರು. ಸ್ವಲ್ಪ ಹೊತ್ತಿನಲ್ಲಿ ಒಪ್ಪಿಗೆ ತಿಳಿಸದಿದ್ದರೆ ಮುಂದಿನವರನ್ನು ಕರೆಯುತ್ತೇವೆಂದು ಹೇಳಿ ಫೋನು ಇಟ್ಟಿದ್ದರು. ಸಾವ್ಕಾರರು ಹಾಸಿಗೆಯ ಮೇಲೆ ಗೋಡೆಗೆ ಒರಗಿ, ಬಾಡಿಗೆದಾರನ ಬಗ್ಗೆ ವಿಚಾರಿಸುವ ಮಾಲೀಕನ ಮುಖ ಮಾಡಿಕೊಂಡು ಕುಳಿತಿದ್ದರು. ಹೊರಗೆ ಜೀಪು ನಿಂತಿತ್ತು.

“ನೀವೇ ಹೇಳ್ರಿ ಸರ್,” ಎಂದರು. “ಬಾಡಿಗಿ ಖೋಲಿ ಅಲ್ಲ ಇದು. ಗೊತ್ತು ಗುರಿ ಇಲ್ಲದ್ದು ಹೆಂಗ ಹೊಟ್ಟಿಯಾಗ ಇಟ್ಕೊಳ್ಳಲಿ? ಮುಂಜಾನೆದ್ದು ಪೂಜಿಗೆ ಕುಂದ್ರಾವ ನಾ.”

ಸರ್ ಪಾಠ ಹೇಳುವ ಧ್ವನಿಯಲ್ಲಿ ಶುರು ಮಾಡಿದರು. ನಿಮ್ಮ ರಕ್ತದ ಬಾಟಲಿ ಹೈದರಾಬಾದಿನಲ್ಲಿ ಇದೆ, ಆ ಸತ್ತವರ ರಕ್ತದೊಡನೆ ಅದನ್ನು ಕೂಡಿಸಿ ನೋಡಿಯೇ ಕರೆಯುತ್ತಾರೆ, ನೀವು ಕೇಳುವ ಪ್ರಶ್ನೆಯನ್ನು ನಿಮ್ಮ ರಕ್ತ ನಿಮಗಿಂತ ಮೊದಲೇ ಕೇಳಿದೆ ಎಂದರು.

“ಏನಂತು?” ಎಂದರು ಸಾವ್ಕಾರರು.

“ಸುಮ್ಮ್ ಕುಂತದ. ಖಾಸಾ ತಮ್ಮಗ ಬ್ಯಾಡ ಅಂದಿದ್ದು, ಇವರಿಗೆ ಬ್ಯಾಡ ಅಂದಿಲ್ಲ. ಅಂದ್ರ ಇವರೇ ನಿಮ್ಮ ಪೈಕಿ.”

ವಾದ ಚೆನ್ನಾಗಿತ್ತು. ಆದರೆ ಸಾವ್ಕಾರರು ಬಜಾರದಲ್ಲಿ ಬೆಳೆದವರು; ಚೆನ್ನಾಗಿರುವ ವಾದವನ್ನು ಅವರು ಕೂಡಲೇ ನಂಬುವವರಲ್ಲ. ರಕ್ತಕ್ಕೇನು ತಿಳಿಯುತ್ತದೆ, ಅದಕ್ಕೆ ಊರಲ್ಲಿ ತಿರುಗಾಡುವುದಿದೆಯೇ ಎಂದು ತಲೆ ಅಲ್ಲಾಡಿಸಿದರು. ಸರ್ ಇನ್ನೊಂದು ಉದಾಹರಣೆಗಾಗಿ ಮೀನುಗಳ ಕಡೆ ಹೊರಳಿದರು. ಜೀಪಿನವನು ಹಾರನ್ ಹೊಡೆದ.

ಆಗ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಗುರಮ್ಮನವರು ಗಂಡನಿಗೆ ಹೇಳಿದರು, ದನಿ ಏರಿಸದೆ: “ಅವರ ಮನ್ಯಾಗ ಈಗ ಹೆಣ ಮುಂದಿಟ್ಕೊಂಡು ಕುಂತಾರ. ಅಳ್ಳಿಕತ್ತಾರ. ಅಳಕೋತನೇ ತಗೋರಿ ಅಂದಾರ. ನೀ ಯಾರ ಪೈಕಿ ಅಂತ ಅವರು ಕೇಳ್ಯಾರೇನು?”

ಸಾವ್ಕಾರರು ಹೆಂಡತಿಯನ್ನು ನೋಡಿದರು. ಆಮೇಲೆ ಪರಸಿಯನ್ನು ನೋಡಿದರು. ಕೊನೆಗೆ, ರೇಟು ಕುದುರಿದಾಗ ಮಾಡುವಂತೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, “ಫೋನ್ ಹಚ್ಚು,” ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರರ ಮಾತು ತಿಳಿಯುವವರೊಬ್ಬರು ಬೇಕೆಂದು ಸರ್ ಕೂಡ ಜೀಪು ಹತ್ತಿದರು. ಹತ್ತುವಾಗ ಒಂದು ಕ್ಷಣ ತಮ್ಮ ಖೋಲಿಯ ಕಡೆ ನೋಡಿದ್ದು ನನಗೆ ಮಾತ್ರ ಕಂಡಿತು. ತೊಟ್ಟಿಯನ್ನು ನನ್ನ ಸುಪರ್ದಿಗೆ ಒಪ್ಪಿಸಿ, ಗೋಣಿಚೀಲ ಒಣಗಗೊಡಬೇಡಿ ಎಂದರು.

ಇತಿಹಾಸದ ಅಧ್ಯಾಪಕನಿಗೆ ಸಾಧ್ಯವಿದ್ದದ್ದನ್ನೆಲ್ಲ ನಾನು ಮಾಡಿದೆ. ಚೀಲ ತೊಯ್ಸಿದೆ. ವಾಡಿಗೆ ಹೋಗಿ ಬರ್ಫ ತಂದೆ; ನನ್ನ ಕೈಯಲ್ಲಿ ಅದು ಚಿತ್ತಾಪುರವನ್ನೂ ದಾಟಲಿಲ್ಲ. ಆ ವಾರ ಸೇಡಂನ ಬಿಸಿಲು ತನ್ನ ಕೀರ್ತಿಗೆ ತಕ್ಕಂತೆ ನಡೆದುಕೊಂಡಿತು. ಸರ್ ಅಲ್ಲಿ, ಅಪರಿಚಿತರ ಮೂತ್ರಪಿಂಡವೊಂದು ಸಾವ್ಕಾರರ ಹೊಟ್ಟೆಯಲ್ಲಿ ಕೆಲಸಕ್ಕೆ ಹಾಜರಾದದ್ದನ್ನು ಕಣ್ಣಾರೆ ನೋಡಿ, ಮೂತ್ರ ಬಂತು ಎಂಬ ಶುಭವಾರ್ತೆಯನ್ನು ಇಡೀ ಬಜಾರಕ್ಕೆ ಫೋನಿನಲ್ಲಿ ತಿಳಿಸಿ, ಕೆಲವು ದಿನ ಅಲ್ಲೇ ಇದ್ದು ತಿರುಗಿ ಬಂದರು. ಬಂದವರೇ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಭೂತಗನ್ನಡಿ ಹಿಡಿದರು. ಆ ಗೆಂಡೆಯ ಬೆನ್ನ ಮೇಲಿನ ಹುರುಪೆ ಬೆಳ್ಳಗಾಗಿತ್ತು.

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು. “ಬಿಸಲು ಬಿತ್ತು, ಅದಕ್ಕ ನೆನಪಾತು. ಅಷ್ಟೇರಿ,” ಎಂದು ಮೀನಿಗೆ ಒಂದು ಹಿಡಿ ಚುರಮುರಿ ಹಾಕಿದರು. ಅದುವರೆಗೆ ಅವರು ಚುರಮುರಿಯನ್ನು ವಿಜ್ಞಾನದ ವೈರಿ ಎಂದು ಬಗೆದಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೇಳಿದರು: ಗುರಮ್ಮನವರು ಅಂದದ್ದು ತಮಗೆ ಹೊಳೆದಿದ್ದರೆ ಇಷ್ಟು ಮೀನುಗಳಿಗೆ ತೊಂದರೆ ಕೊಡಬೇಕಾಗಿರಲಿಲ್ಲವಂತೆ.

ಸಾವ್ಕಾರರು ಮನೆಗೆ ಬಂದ ಮೇಲೆ ಹೊಸ ಸಂಕಟ. ಪರರ ಅಂಗವನ್ನು ಮೈ ಹೊರಗೆ ಹಾಕದಿರಲೆಂದು ಕೊಡುವ ಗುಳಿಗೆಗಳು ಮೈಯ ಕಾವಲನ್ನೇ ಮಂಪರಿಗೆ ಹಾಕುತ್ತವೆ; ಆಗ ಒಂದು ನೆಗಡಿಯೂ ಜೀವಕ್ಕೆ ಕುತ್ತು. ನಮ್ಮ ಕಡೆಯಾದರೋ ಕಾಯಿಲೆಯವರನ್ನು ಮಾತಾಡಿಸಲು ಹೋಗದಿರುವುದು ಮಹಾಪಾಪ. ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಿಂದ ಜೀಪು ತುಂಬಿಕೊಂಡು, ಕೆಮ್ಮುತ್ತ, ಸೀನುತ್ತ, ಬಂಧುಗಳು ಬರತೊಡಗಿದರು. ತಡೆಯುವವರು ಯಾರು? ಬೀಗರನ್ನು ಬಾಗಿಲಲ್ಲಿ ನಿಲ್ಲಿಸಲು ಇನ್ನೊಬ್ಬ ಬೀಗನಿಗೆ ಸಾಧ್ಯವಿಲ್ಲ. ಆ ಕೆಲಸಕ್ಕೆ ಸಂಬಂಧವಿಲ್ಲದವರೇ ಆಗಬೇಕು. ಡಾಕ್ಟರರ ಚೀಟಿ ಹಿಡಿದು ಸರ್ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಕೈ ತೊಳೆದು ಮುಖವಸ್ತ್ರ ಕಟ್ಟಿಕೊಂಡ ಸರ್‌ಗೆ ಮಾತ್ರ ಒಳಗೆ ಪ್ರವೇಶ. ಸಾವ್ಕಾರರ ಬಂಧು ಬಳಗಕ್ಕೆಲ್ಲ ಹೊರಗಿನ ಖೋಲಿ. ಅಲ್ಲಿ ಅವರು ತೊಟ್ಟಿಯ ಸುತ್ತ ಕುಳಿತು, ಚಹಾ ಕುಡಿದು, ಮೀನುಗಳನ್ನು ಮಾತಾಡಿಸಿ ಹೋಗುತ್ತಿದ್ದರು. ಒಳಮನೆಗೆ ಗಾಳಿ ಬೆಳಕು ಸಾಲದೆಂದು ಸಾವ್ಕಾರರು ನಡುಗೋಡೆಯ ಇಟ್ಟಂಗಿಯನ್ನು ತೆಗೆಸಿದರು. ಕಾರಣ ಗಾಳಿ ಬೆಳಕೇ ಎಂದು ಇಂದಿಗೂ ಹೇಳುತ್ತಾರೆ.

ಗುಳಿಗೆ ಎಲ್ಲಿಯವರೆಗೆ ಎಂದು ಸಾವ್ಕಾರರು ಒಮ್ಮೆ ಕೇಳಿದರಂತೆ. ಇರೋತನ, ಹೊತ್ತು ತಪ್ಪದೆ ಎಂದರಂತೆ ಸರ್. ಎಂದಾದರೂ ಮೈ ಮರೆಯುವುದಿಲ್ಲವೇ ಎಂದರೆ, ನನ್ನ ಮೀನು ಮರೆತ ದಿನ ಮೊದಲು ನಿಮಗೇ ತಿಳಿಸುತ್ತೇನೆ ಎಂದರಂತೆ. ನಿವೃತ್ತರಾದ ದಿನ ಅವರು ಮೀನುಗಳನ್ನು ಕಾಗಿಣಾ ಹೊಳೆಗೆ ಬಿಟ್ಟು, ತೊಟ್ಟಿಯನ್ನು ಗುರಮ್ಮನವರಿಗೆ ಬಿಟ್ಟು, ಐನಾಪುರಕ್ಕೆ ಹೋದರು.

ಅಲ್ಲಿಂದ ಸುದ್ದಿ ಬಂದದ್ದು ಹೋದ ಚಳಿಗಾಲದಲ್ಲಿ. ಎದೆನೋವು, ಚಿಂಚೋಳಿಯ ತನಕವೂ ಒಯ್ಯಲಾಗಲಿಲ್ಲ. ಮಂದಿ ಸೇರಿದಲ್ಲಿ, ಧೂಳಿನಲ್ಲಿ ಹೋಗಬಾರದೆಂದು ಸಾವ್ಕಾರರಿಗೆ ಡಾಕ್ಟರರ ಕಟ್ಟಪ್ಪಣೆ ಇತ್ತು. ಅವರು ಮುಖಕ್ಕೆ ಎರಡು ಪದರ ಬಟ್ಟೆ ಕಟ್ಟಿಕೊಂಡು ಜೀಪಿನಲ್ಲಿ ನನಗಿಂತ ಮೊದಲು ಕುಳಿತಿದ್ದರು. ದಾರಿಯಲ್ಲಿ ಗಾಲಿ ಪಂಕ್ಚರ್ ಆಗಿ, ಕಾಯಿಸಿ ಆರಿಸಿ ತಂದಿದ್ದ ಅವರ ನೀರು ಅಲ್ಲೇ ತೀರಿತು. ಕಾಯಿಸದ ನೀರು ಅವರು ಕುಡಿಯುವಂತಿಲ್ಲ.

ನಾವು ಐನಾಪುರ ಮುಟ್ಟುವುದರಲ್ಲಿ ಹೆಣ ಎತ್ತಲು ಎಲ್ಲ ಸಿದ್ಧವಾಗಿತ್ತು. ಬುದ್ಧವಂದನೆ ಮುಗಿದಿತ್ತು. ಆಗ ಸಾವ್ಕಾರರ ಜೇಬಿನಲ್ಲಿ ಗುಳಿಗೆಯ ಹೊತ್ತಿನ ಅಲಾರಾಂ ಹೊಡೆಯಿತು. ಅವರು ಗಾಬರಿಯಿಂದ ಅದನ್ನು ಅದುಮಿ, ಗುಳಿಗೆಯನ್ನು ಒಣಬಾಯಿಗೆ ಹಾಕಿಕೊಳ್ಳಲು ಹೊರಟರು. ಸರ್ ಅವರ ಹೆಂಡತಿ ಹೆಣದ ತಲೆದೆಸೆಯಿಂದ ಎದ್ದರು.

“ತಡೀರಿ,” ಎಂದರು. “ನೀರು ಕಾಸ್ತೀನಿ.”

ಹಿರಿಯಳೊಬ್ಬಳು, ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಾಜೂಮನೆಯಿಂದ ತರಿಸೋಣ ಎಂದಳು. ಗುಟುಕು ನೀರಿಗಾಗಿ ಹೆಣ ತಡೆಯುವುದೇ ಎಂದು ಗಂಡಸರಲ್ಲಿ ಯಾರೋ ಗೊಣಗಿದರು. ಸಾವ್ಕಾರರಂತೂ ಕೈ ಮುಗಿದು ಬೇಡವೇ ಬೇಡ ಎನ್ನುತ್ತಿದ್ದರು.

“ಹೊತ್ತು ತಪ್ಪಬಾರದು,” ಎಂದರು ಆಕೆ. “ಅವರು ಇದ್ದಿದ್ರ, ನನ್ನ ಆಮ್ಯಾಲ ಒಯ್ರಿ, ಮೊದಲ ಇವರಿಗಿ ಗುಳಗಿ ಕೊಡ್ರಿ ಅಂತಿದ್ರು.”

ಒಳಗೆ ಒಲೆ ಹೊತ್ತಿತು. ನೀರು ಕುದಿಯಿತು. ಆಮೇಲೆ ಆಕೆ ಹೊಸ್ತಿಲಲ್ಲಿ ಕುಳಿತು, ಆ ನೀರನ್ನು ಒಂದು ಚರಿಗೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ ಸುರಿಯುತ್ತ ಆರಿಸಿದರು. ಹೆಗಲು ಕೊಡಬೇಕಾದವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ಕಾದರು. ಸಾವ್ಕಾರರು ಬಾಯಿಗೆ ಕಟ್ಟಿದ್ದ ಬಟ್ಟೆ ಸರಿಸಿ, ಚರಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಗುಳಿಗೆ ನುಂಗಿ, ನೀರನ್ನು ಪೂರ್ತಿ ಕುಡಿದರು.

ಆಮೇಲೆ ಹೆಣ ಎತ್ತಿದರು.